ಕಿರುಚಿದ್ದು ಮಗ, ನಿದ್ದೆ ಹೋಗಿದ್ದು ಅಮ್ಮಂದು

ಐದು ವರ್ಷದ ಹುಡುಗ. ಗುರುತು ಸಿಗದಂಗೆ ಒಂದೆರಡು ವಿವರ ಬದಲಾಯಿಸಿದೀನಿ. ಅವನ ಅಮ್ಮ ನನ್ನ ಹತ್ರ ಸಲಹೆಗೆ ಬಂದು ಕೂತವರೇ, "ರಾತ್ರಿ ಹತ್ತೂವರೆ ಆಗ್ತಿದ್ದಂಗೆ ನಂಗೇ ಎದೆ ಡವಡವ ಅನ್ನತ್ತೆ" ಅಂದ್ರು. ಒಂಬತ್ತಕ್ಕೆ ಮಲಗೋ ಮಗ ಅಷ್ಟೊತ್ತಿಗೆ ಕಿಟಾರನೆ ಕಿರುಚ್ಕೊಂಡು ಎದ್ದು ಕೂರ್ತಾನೆ, ಕಣ್ಣು ತೆರೆದೇ ಇರತ್ತೆ ಆದ್ರೆ ಅಮ್ಮನ ಗುರುತೇ ಸಿಗಲ್ಲ, ಮೈಯೆಲ್ಲಾ ಬೆವರು, ತಬ್ಬಕ್ಕೆ ಹೋದ್ರೆ ಒದೀತಾನೆ, ಐದತ್ತು ನಿಮಿಷಕ್ಕೆ ಮತ್ತೆ ನಿದ್ದೆ, ಬೆಳಿಗ್ಗೆ ಕೇಳಿದ್ರೆ ಏನೂ ನೆನಪಿಲ್ಲ.

ಕೆಟ್ಟ ಕನಸು ಅಂದ್ಕೊಂಡಿದ್ರು. ಅದು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆ ಬರೋದು, ಮಗು ಪೂರ್ತಿ ಎಚ್ಚರಾಗಿ ಕನಸಿನ ಕಥೆ ಹೇಳತ್ತೆ. ಇದು ನೈಟ್ ಟೆರರ್, ಮಲಗಿ ಒಂದರಿಂದ ಮೂರು ಗಂಟೆ ಒಳಗೆ, ಗಾಢ ನಿದ್ದೆಯಿಂದ ಮೇಲೆ ಬರುವಾಗ ಮೆದುಳು ಅರ್ಧ ಎದ್ದು ಅರ್ಧ ಮಲಗೇ ಇರತ್ತೆ. ನಿದ್ದೆಲಿ ಎದ್ದು ನಡೀತಾರಲ್ಲ, ಅದರ ಒಡಹುಟ್ಟು.

ಯಾರು ಹೆದರಿಸಿದ್ರು, ಯಾವ ವಿಡಿಯೋ ನೋಡ್ದ ಅಂತ ಅವರೇ ತನಿಖೆ ಮುಗಿಸಿದ್ರು. ಉತ್ತರ ಸಪ್ಪೆ ಇತ್ತು: ಶಾಲೆ ಶುರುವಾಗಿ ಮಧ್ಯಾಹ್ನದ ನಿದ್ದೆ ನಿಂತಿತ್ತು, ರಾತ್ರಿ ಮಲಗೋ ಟೈಮ್ ಮಾತ್ರ ಹಳೇದೇ. ನಿದ್ದೆ ಬಾಕಿ ಉಳಿದಷ್ಟೂ ಗಾಢ ನಿದ್ದೆ ಇನ್ನೂ ಆಳಕ್ಕೆ ಹೋಗತ್ತೆ, ಅಲ್ಲೇ ಎಡವಟ್ಟಾಗೋದು. ಜ್ವರ, ಮನೆಲಿ ಟೆನ್ಶನ್, ಕಟ್ಟಿಕೊಂಡ ಮೂತ್ರ, ಟಾನ್ಸಿಲ್ ದಪ್ಪಾಗಿ ಬರೋ ಗೊರಕೆ ಕೂಡ ಕಾರಣ ಆಗತ್ತೆ, ಇಲ್ಲಿ ಅದ್ಯಾವುದೂ ಇರ್ಲಿಲ್ಲ.

ನಾನು ಹೇಳಿದ್ದು: ಅಲುಗಾಡಿಸಿ ಎಬ್ಬಿಸಬೇಡಿ, ಗಾಬರಿ ಜಾಸ್ತಿಯಾಗತ್ತೆ, ಬೀಳದಂಗೆ ನೋಡ್ಕೊಂಡು ಪಕ್ಕದಲ್ಲಿರಿ ಸಾಕು. ಮಲಗೋದು ಮುಕ್ಕಾಲು ಗಂಟೆ ಮುಂಚೆ ಮಾಡಿ. ಹೊಸ ಟೈಮಿಗೆ ಇದು ಎಷ್ಟೊತ್ತಿಗೆ ಬರತ್ತೆ ಅಂತ ನಾಲ್ಕು ದಿನ ಬರೆದಿಟ್ಟು, ಆಮೇಲೂ ದಿನಾ ಬರ್ತಿದ್ರೆ ಅದಕ್ಕಿಂತ ಕಾಲು ಗಂಟೆ ಮುಂಚೆ ಮೆಲ್ಲಗೆ ತಟ್ಟಿ ಸ್ವಲ್ಪ ಎಚ್ಚರ ಮಾಡಿ ಮಲಗಿಸಿ, ಎರಡು ಮೂರು ವಾರ. ಬೆಳಿಗ್ಗೆ ಅವನ ಮುಂದೆ ಇದರ ಸುದ್ದಿ ಬೇಡ, ನೆನಪೇ ಇಲ್ಲದ ಭಯಾನ ನಾವ್ಯಾಕೆ ಕೊಡ್ಬೇಕು.

ಅಷ್ಟರಲ್ಲಿ ಸುಮ್ನೆ ಕೂತಿದ್ದ ಅಪ್ಪ, "ನಂಗೂ ಆಗತ್ತೆ" ಅಂದ್ರು. ಮಂಚದಿಂದ ಹಾರಿ ಬೀರುಗೆ ಹಣೆ ಒಡ್ಕೊಂಡಿದಾರಂತೆ! ಇದು ವಂಶದಲ್ಲಿ ಬರೋದುಂಟು, ಆದ್ರೆ ಮಕ್ಕಳದ್ದು ಬಹುಪಾಲು ಹದಿಹರೆಯದೊಳಗೆ ತಾನೇ ಬಿಟ್ಟುಹೋಗತ್ತೆ, ದೊಡ್ಡವರಲ್ಲಿ ಇದ್ರೆ ಒತ್ತಡ, ಹೊತ್ತುಗೊತ್ತಿಲ್ಲದ ನಿದ್ದೆ, ಕುಡಿತ, ಕೆಲವು ನಿದ್ದೆ ಮಾತ್ರೆ, ಸ್ಲೀಪ್ ಅಪ್ನಿಯಾ (ನಿದ್ದೆಲಿ ಆಗಾಗ ಉಸಿರು ನಿಂತು ನಿಂತು ಬರೋದು, ಗೊರಕೆ ಜೊತೆಗಿರತ್ತೆ) ಎಲ್ಲಾ ನೋಡ್ಬೇಕು. ಪೆಟ್ಟಾಗ್ತಿದೆ ಅಂದ್ಮೇಲೆ ಮಾತಲ್ಲಿ ಮುಗಿಸೋದಲ್ಲ, ನಿದ್ದೆ ಡಾಕ್ಟರ ಹತ್ರ ಕಳಿಸಿದೆ. ಮೈ ಸೆಟೆಯೋದು, ದಿನಾ ಒಂದೇ ಥರ ಕೈಕಾಲು ಅದುರೋದು ಇದ್ರೆ ಫಿಟ್ಸ್ ಇರ್ಬೋದು, ಮಗುವಾದ್ರೂ ತೋರಿಸ್ಲೇಬೇಕು.

ತಿಂಗಳಾಯ್ತು. ಮಗಂದು ವಾರಕ್ಕೊಂದು ಸಲಕ್ಕೆ ಇಳಿದಿದೆ, ತಟ್ಟಿ ಎಬ್ಬಿಸೋ ಪಾಳಿ ಬರ್ಲೇ ಇಲ್ಲ. ಅಪ್ಪಂದು ಸ್ಲೀಪ್ ಟೆಸ್ಟ್ ಇನ್ನೂ ಆಗ್ಬೇಕು. ಗೊರಕೆ ಹೊಡಿಯಲ್ಲ ಅಂತ ಅವರು, ಹೆಂಡತಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ತಂದಿದ್ರು.