ಓದುಗರ ಪ್ರಶ್ನೆ: ಹಳೆಯ ಅಲೆಯನ್ನು ಯಾವ ಪೆಡಲಿನಲ್ಲಿ ಹುಡುಕಲಿ?

ಪ್ರಶ್ನೆ: ತುಮಕೂರಿನ ವಾದ್ಯಗೋಷ್ಠಿಯೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಗಣೇಶೋತ್ಸವಕ್ಕೂ ಆರತಕ್ಷತೆಗೂ ಜನ ಹಳೆಯ ಚಿತ್ರಗೀತೆಗಳನ್ನೇ ಕೇಳುತ್ತಾರೆ. 1970ರ ದಶಕದ ಗಿಟಾರಿನಲ್ಲಿದ್ದ, ಸ್ವರ ನೀರಿನ ಮೇಲೆ ತೇಲಿದಂತಹ ನಾದ ನನಗೆ ಬೇಕು. ಕಾಲಿನಿಂದ ಒತ್ತಿ ಗಿಟಾರಿನ ನಾದ ಬದಲಿಸುವ ಪೆಡಲುಗಳಾದ ಫೇಸರ್, ಕೋರಸ್, ಯೂನಿ-ವೈಬ್ ಇವುಗಳಲ್ಲಿ ಒಂದನ್ನಷ್ಟೇ ಕೊಳ್ಳಬಲ್ಲೆ. ಆ ಕಾಲದ ಪೆಡಲೇ ಆಗಬೇಕೆ, ಹೊಸದು ಸಾಕೆ?
– ಓದುಗರು, ಕ್ಯಾತ್ಸಂದ್ರ

ಉತ್ತರ: ಫೇಸರ್ ಕೊಳ್ಳಿ, ಹೊಸದನ್ನೇ ಕೊಳ್ಳಿ. ನನಗೆ ಪ್ರಾಣವಾದದ್ದು ಯೂನಿ-ವೈಬ್. ಆದರೂ ನಿಮಗೆ ಅದನ್ನು ಹೇಳಲಾರೆ.

ಯೂನಿ-ವೈಬ್ ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ, ಜಪಾನಿನ ಶಿನ್-ಏ ಕಂಪನಿಯಲ್ಲಿ. ವಿನ್ಯಾಸ ಫ್ಯೂಮಿಯೊ ಮಿಯೆದಾ ಅವರದು. ಒಳಗೊಂದು ಪುಟ್ಟ ಬಲ್ಬು, ಅದರ ಸುತ್ತ ಬೆಳಕಿಗೆ ಸ್ಪಂದಿಸುವ ರೋಧಕಗಳಾದ ನಾಲ್ಕು ಎಲ್‌ಡಿಆರ್‌ಗಳು. ಬಲ್ಬು ಹಿಗ್ಗುತ್ತಾ ಕುಗ್ಗುತ್ತಾ ಬೆಳಗಿದಂತೆ ಗಿಟಾರಿನ ಸ್ವರ ಅಲೆಯಾಗುತ್ತದೆ. ಬಲ್ಬಿನ ತಂತಿ ಕಾಯಲು ಒಂದಿಷ್ಟು ಹೊತ್ತು ಬೇಕು, ಆರಲೂ ಹೊತ್ತು ಬೇಕು. ಎಲ್‌ಡಿಆರ್ ಬೆಳಕಿಗೆ ಬೇಗ ಎಚ್ಚರಗೊಂಡು ಕತ್ತಲೆಗೆ ನಿಧಾನವಾಗಿ ಮರಳುತ್ತದೆ. ಹೀಗಾಗಿ ಅಲೆ ಏರುವ ಬಗೆ ಒಂದು, ಇಳಿಯುವ ಬಗೆ ಇನ್ನೊಂದು. ನಿದ್ದೆಯಲ್ಲಿರುವವರ ಉಸಿರಾಟವನ್ನು ಹತ್ತಿರದಿಂದ ಕೇಳಿದ್ದೀರಲ್ಲವೇ? ಅದೇ ಏರಿಳಿತ. 1969ರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆಯ ಮೇಲೆ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಳಸಿದ್ದು ಇದನ್ನೇ. ಆದರೆ ಇದರ ಸೊಗಸು ಅರಳುವುದು ನಿಧಾನವಾದ, ಬಿಡುವಿರುವ ನುಡಿಕೆಯಲ್ಲಿ. ಕೀಬೋರ್ಡ್, ಢೋಲಕ್, ಇಬ್ಬರು ಗಾಯಕರ ನಡುವೆ ನೀವು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು ತಾಳ ಕಾಯುವಾಗ ಅದು ಕೆಸರಾಗುತ್ತದೆ.

ಕೋರಸ್‌ನ ಬಗೆ ಬೇರೆ. ಬಾಸ್ ಕಂಪನಿಯ ಸಿಇ-1 ಬಂದದ್ದು 1976ರಲ್ಲಿ. ಅದರ ಹಿಂದಿನ ವರ್ಷ ಬಂದ ರೋಲಾಂಡ್ ಜೆಸಿ-120 ಆಂಪ್ಲಿಫೈಯರಿನೊಳಗಿದ್ದ ಕೋರಸ್ಸೇ ಅದಕ್ಕೆ ಮೂಲ. ಮನೆಗೆ ಮೋಲ್ಡ್ ಹಾಕುವ ದಿನ ಕೂಲಿಯವರು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿರುತ್ತೀರಿ. ಕೋರಸ್‌ನೊಳಗಿನ ಬಕೆಟ್ ಬ್ರಿಗೇಡ್ ಚಿಪ್ಪು ಮಾಡುವುದು ಅದನ್ನೇ. 1979ರ ಸಿಇ-2 ಪೆಡಲಿನ ಚಿಪ್ಪಿನಲ್ಲಿ ಅಂತಹ 1024 ಹಂತಗಳಿವೆ. ಸ್ವರ ಆ ಸಾಲನ್ನು ದಾಟಿ ಬರುವಷ್ಟರಲ್ಲಿ ತುಸು ತಡವಾಗುತ್ತದೆ. ಆ ತಡ ಹೆಚ್ಚುತ್ತಾ ಕಡಿಮೆಯಾಗುತ್ತಾ ಮೂಲ ಸ್ವರದೊಂದಿಗೆ ಬೆರೆತಾಗ ಇಬ್ಬರು ಒಟ್ಟಿಗೆ ನುಡಿಸಿದಂತೆ ಕೇಳುತ್ತದೆ. ಸಿಇ-1ರ ನಿಜವಾದ ವೈಭವ ಎರಡು ಸ್ಪೀಕರುಗಳಲ್ಲಿದೆ. ನಮ್ಮ ಪೆಂಡಾಲುಗಳಲ್ಲಿ ಮಿಕ್ಸರಿನವರು ಎಲ್ಲವನ್ನೂ ಒಂದೇ ಧ್ವನಿಮಾರ್ಗಕ್ಕೆ ಸೇರಿಸಿ ಮೋನೊ ಮಾಡಿಬಿಡುತ್ತಾರೆ. ಅಮಾನಿಕೆರೆಯ ಗಾಜಿನ ಮನೆಯಂತಹ ಕಡೆ ಗೋಡೆಯ ಪ್ರತಿಧ್ವನಿಯೇ ಅರ್ಧ ಕೋರಸ್ ಆಗಿರುತ್ತದೆ.

ಉಳಿದದ್ದು ಫೇಸರ್. 1974ರ ಎಂಎಕ್ಸ್‌ಆರ್ ಫೇಸ್ 90 ನೋಡಿ: ನಾಲ್ಕು ಹಂತ, ಒಂದೇ ಗುಂಡಿ. ಆ ಹಂತಗಳನ್ನು ದಾಟಿದ ಸ್ವರ ಮೂಲ ಸ್ವರದೊಂದಿಗೆ ಬೆರೆತಾಗ ಎರಡು ಆವರ್ತನಗಳ ಬಳಿ ನಾದ ಅಳಿಸಿಹೋಗುತ್ತದೆ. ಆ ಎರಡು ಹಳ್ಳಗಳು ಮೇಲೆ ಕೆಳಗೆ ಸರಿಯುವುದೇ ನಾವು ಕೇಳುವ ಅಲೆ. ಗುಂಡಿಯನ್ನು ಒಂಬತ್ತು ಗಂಟೆಯ ಮುಳ್ಳಿನ ಜಾಗಕ್ಕಿಂತ ಕೆಳಗಿಡಿ. ನೀವು ಹೇಳಿದ ತೇಲುವ ನಾದ ಅಲ್ಲಿದೆ. ಪೂರ್ತಿ ಏರಿಸಿದರೆ ತಿರುಗುವ ಸ್ಪೀಕರಿನ ಆರ್ಗನ್ನಿಗೆ ಹತ್ತಿರವಾಗುತ್ತದೆ. ಕತ್ತಲೆಯ ವೇದಿಕೆಯಲ್ಲಿ, ಹಾಡು ಶುರುವಾಗಲು ನಾಲ್ಕು ಎಣಿಕೆ ಉಳಿದಿರುವಾಗ, ಒಂದೇ ಗುಂಡಿ ಇರುವುದು ದೊಡ್ಡ ನೆಮ್ಮದಿ. ಅದೇ ವರ್ಷ ಬಂದ ಎಲೆಕ್ಟ್ರೊ-ಹಾರ್ಮೋನಿಕ್ಸ್ ಸ್ಮಾಲ್ ಸ್ಟೋನ್ ಕೂಡ ಒಳ್ಳೆಯದೇ. ಅದರ ‘ಕಲರ್’ ಸ್ವಿಚ್ಚು ಹಾಕಿದರೆ ಅಲೆ ಇನ್ನಷ್ಟು ಆಳವಾಗುತ್ತದೆ. ಫೇಸರನ್ನು ಡಿಸ್ಟಾರ್ಷನ್ನಿಗೆ (ನಾದವನ್ನು ಒರಟಾಗಿಸುವ ಪೆಡಲಿಗೆ) ಮೊದಲು ಇಟ್ಟರೆ ಮೃದು, ನಂತರ ಇಟ್ಟರೆ ಬಿರುಸು. ನಿಮ್ಮ ಹಾಡುಗಳಿಗೆ ಮೊದಲೇ ಇಡಿ.

ಹಳೆಯದರ ಮೋಹದ ಬಗ್ಗೆ ಒಂದು ಮಾತು. ನನ್ನ ತಂದೆ ಅಶೋಕ ರಸ್ತೆಯ ಬಳಿ ರೇಡಿಯೊ ದುರಸ್ತಿ ಮಾಡುತ್ತಿದ್ದರು. ನಾನು ಬೆಸುಗೆ ಹಿಡಿದದ್ದು ಅವರ ಪಕ್ಕದಲ್ಲಿ ಕುಳಿತು. ಪರದೇಶದಿಂದ ಬಂದ ಹಳೆಯ ಕೋರಸ್ ಪೆಟ್ಟಿಗೆಯೊಂದನ್ನು ಮಾರುವವರ ಮಾತು ನಂಬಿ ಕೊಂಡು, ತಂದ ಸಂಜೆಯೇ ಗೋಡೆಯ ಪ್ಲಗ್ಗಿಗೆ ಚುಚ್ಚಿದೆ. ಅದು 100 ವೋಲ್ಟಿನದು, ನಮ್ಮ ಮನೆಯದು 230. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಮೂರು ದಿನ ಕೋಣೆಯಲ್ಲಿತ್ತು. ಎಷ್ಟೋ ವರ್ಷ ಯಾರದೋ ಕೈಯಲ್ಲಿ ನುಡಿದಿದ್ದ ಪೆಟ್ಟಿಗೆ ನನ್ನ ಅವಸರದಿಂದ ಮೌನವಾಯಿತು. ಆ ನೋವು ಈಗಲೂ ಇದೆ. ಆದ್ದರಿಂದ ಹಳೆಯದನ್ನು ನೋಡಲು ಹೋದರೂ ಮೊದಲು ತಿರುಗಿಸಿ ತಳದ ಲೇಬಲ್ ಓದಿ. ಹಳೆಯ ಬಾಸ್ ಪೆಡಲುಗಳಲ್ಲಿ ‘ಎಸಿಎ’ (ಹಳೆಯ ಬಗೆಯ ಅಡಾಪ್ಟರಿನ ಹೆಸರು) ಎಂದಿದ್ದರೆ ಈಗಿನ 9 ವೋಲ್ಟಿನ ಅಡಾಪ್ಟರಿನಲ್ಲಿ ದೀಪ ಮಂಕಾಗಿ ಉರಿಯುತ್ತದೆ. ಪೆಡಲ್ ಕೆಟ್ಟಿದೆ ಎಂದುಕೊಳ್ಳಬೇಡಿ, ಬ್ಯಾಟರಿ ಹಾಕಿ ಕೇಳಿ. ನಿಮ್ಮದೇ ಗಿಟಾರ್ ಒಯ್ಯಿರಿ, ಒಂದೇ ಕಾರ್ಡನ್ನು ಎಳೆದು ನುಡಿಸಿ ಅಲೆ ಪೂರ್ತಿ ಒಂದು ಸುತ್ತು ಬರುವವರೆಗೆ ಕಾಯಿರಿ. ಬಣ್ಣ ಕಿತ್ತ ಡಬ್ಬಿ ಕಣ್ಣನ್ನು ಬೇಗ ಒಲಿಸಿಕೊಳ್ಳುತ್ತದೆ. ಕಣ್ಣು ಮುಚ್ಚಿ ಕೇಳಿ.

ಪ್ರಶ್ನೆ: ಹೊಸ ಫ್ಲಾಂಜರ್ ಪೆಡಲ್ ಹಾಕಿದಾಗಿನಿಂದ ಆಂಪ್ಲಿಫೈಯರಿನಲ್ಲಿ ಕೀರಲು ಸದ್ದು. ಪೆಡಲ್ ಹಿಂದಿರುಗಿಸಲೇ?
– ಓದುಗರು, ಚಿಂತಾಮಣಿ

ಉತ್ತರ: ಬೇಡ. ಮೂರು ಪೆಡಲುಗಳಿಗೆ ಒಂದೇ ಅಗ್ಗದ ಅಡಾಪ್ಟರಿನಿಂದ ತಂತಿ ಎಳೆದಿರುವುದಾಗಿ ನೀವೇ ಬರೆದಿದ್ದೀರಿ. ಫ್ಲಾಂಜರಿನೊಳಗೂ ಬಕೆಟ್ ಬ್ರಿಗೇಡ್ ಇದೆ, ಅದನ್ನು ನಡೆಸುವ ಕ್ಲಾಕ್ ಸರ್ಕ್ಯೂಟಿನ ಮಿಡಿತ ಹಂಚಿಕೊಂಡ ತಂತಿಯ ಮೂಲಕ ಉಳಿದ ಪೆಡಲುಗಳಿಗೆ ಸೋರುತ್ತದೆ. ಫ್ಲಾಂಜರನ್ನು ಮಾತ್ರ 9 ವೋಲ್ಟಿನ ಬ್ಯಾಟರಿಗೆ ಹಾಕಿ ನೋಡಿ. ಸದ್ದು ನಿಂತರೆ, ಪ್ರತಿ ಪೆಡಲಿಗೂ ಪ್ರತ್ಯೇಕ ಮಾರ್ಗವಿರುವ ಪವರ್ ಸಪ್ಲೈ ಕೊಳ್ಳಿ. ಪಿನ್ನಿನ ನಡುವೆ ಋಣ, ಹೊರಗೆ ಧನ ಇದೆಯೇ ಎಂದು ಪೆಡಲಿನ ಮೇಲಿನ ಚಿಹ್ನೆ ನೋಡಿಯೇ ಚುಚ್ಚಿ.

ಪ್ರಶ್ನೆ: ಟ್ರೆಮೊಲೊ, ವೈಬ್ರೆಟೊ ಎರಡೂ ಒಂದೇ ಅಲ್ಲವೇ?
– ಓದುಗರು, ಬಂಗಾರಪೇಟೆ

ಉತ್ತರ: ಅಲ್ಲ. ಟ್ರೆಮೊಲೊದಲ್ಲಿ ಧ್ವನಿಯ ಪ್ರಮಾಣ ಏರಿಳಿಯುತ್ತದೆ, ವೈಬ್ರೆಟೊದಲ್ಲಿ ಶ್ರುತಿ. ಫೆಂಡರ್ ಕಂಪನಿ ತನ್ನ ಆಂಪ್ಲಿಫೈಯರಿನ ಟ್ರೆಮೊಲೊಗೆ ವೈಬ್ರೆಟೊ ಎಂದೂ ಗಿಟಾರಿನ ಶ್ರುತಿ ಬಾಗಿಸುವ ಕಡ್ಡಿಗೆ ಟ್ರೆಮೊಲೊ ಎಂದೂ ಹೆಸರಿಟ್ಟದ್ದರಿಂದ ಈ ಗೊಂದಲ ಉಳಿದಿದೆ. ನಿಮ್ಮ ಪೆಡಲ್ ಯಾವುದೆಂದು ತಿಳಿಯಲು ಅದನ್ನು ಹಾಕಿಕೊಂಡು ಟ್ಯೂನರ್ ನೋಡಿ: ಮುಳ್ಳು ಓಲಾಡಿದರೆ ವೈಬ್ರೆಟೊ.