ಬೀಗ ಸರಿ, ಕೀಲಿ ಯಾರ ಕೈಲಿ? ಓದುಗರ ತಂತ್ರಾಂಶ ಪ್ರಶ್ನೆಗಳು

ಪ್ರಶ್ನೆ: ಕೌಲ್‌ಬಜಾರಿನ ನಾಲ್ಕೈದು ಜೀನ್ಸ್ ಯೂನಿಟ್‌ಗಳು ಜಾಬ್‌ವರ್ಕ್‌ನವರಿಗೆ ಪ್ಯಾಟರ್ನ್ ಫೈಲ್ ಕಳಿಸಲು ವೆಬ್ ಆ್ಯಪ್ ಮಾಡಿಕೊಡುತ್ತಿದ್ದೇನೆ. 'ಒಬ್ಬರ ಡಿಸೈನ್ ಇನ್ನೊಬ್ಬರಿಗೆ ಕಾಣಬಾರದು, ನಿನಗೂ ಕಾಣಬಾರದು' ಎಂಬುದು ಮಾಲೀಕರ ಷರತ್ತು. ಎಚ್‌ಟಿಟಿಪಿಎಸ್ ಇದೆ, ಸರ್ವರ್ ಡಿಸ್ಕ್ ಕೂಡ ಎನ್‌ಕ್ರಿಪ್ಟ್ ಆಗಿದೆ. ಇದನ್ನು ಎಂಡ್ ಟು ಎಂಡ್ ಎನ್ನಬಹುದೇ?
— ಒಬ್ಬ ಓದುಗ, ಬಳ್ಳಾರಿ

ಉತ್ತರ: ಹಾಗೆನ್ನಲು ಬರುವುದಿಲ್ಲ. ಕಳಿಸುವವರು, ಪಡೆಯುವವರು ಬಿಟ್ಟು ನಡುವಿನ ಸರ್ವರ್‌ಗೂ ಓದಲು ಬಾರದಿದ್ದರೆ ಮಾತ್ರ ಅದು ಎಂಡ್ ಟು ಎಂಡ್. ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನಷ್ಟೇ; ಸರ್ವರ್ ಮುಟ್ಟಿದ ಕೂಡಲೇ ಫೈಲ್ ಬಿಚ್ಚಿಕೊಳ್ಳುತ್ತದೆ. ಡಿಸ್ಕ್ ಎನ್‌ಕ್ರಿಪ್ಷನ್ ಕೆಲಸಕ್ಕೆ ಬರುವುದು ಯಾರಾದರೂ ಡಿಸ್ಕನ್ನೇ ಕಿತ್ತುಕೊಂಡು ಹೋದಾಗ. ಸರ್ವರ್‌ಗೆ ಲಾಗಿನ್ ಆಗಬಲ್ಲವರಿಗೆ, ಅಂದರೆ ನಿಮಗೆ, ಎಲ್ಲವೂ ಕಾಣುತ್ತದೆ.

ಕಳಿಸುವವರ ಬ್ರೌಸರ್‌ನಲ್ಲೇ ಬೀಗ ಬೀಳಬೇಕು, ಅಂದರೆ ಫೈಲ್ ಎನ್‌ಕ್ರಿಪ್ಟ್ ಆಗಬೇಕು. ಅದಕ್ಕೆ ಹೊರಗಿನ ಲೈಬ್ರರಿ ಬೇಡ, ಬ್ರೌಸರ್‌ನಲ್ಲೇ ಇರುವ ವೆಬ್ ಕ್ರಿಪ್ಟೊ ಸಾಕು. ಪ್ರತಿ ಫೈಲಿಗೂ ಹೊಸದಾಗಿ 256 ಬಿಟ್‌ನ ಎಇಎಸ್-ಜಿಸಿಎಂ (ಬೀಗ ಹಾಕುವ, ಯಾರಾದರೂ ತಿದ್ದಿದರೆ ಹಿಡಿಯುವ ವಿಧಾನ) ಕೀಲಿ ಹುಟ್ಟಿಸಿ, 12 ಬೈಟ್‌ನ ಐವಿ (ಪ್ರತಿ ಸಲ ಬೇರೆಯಾಗಿರಬೇಕಾದ ಆರಂಭದ ಸಂಖ್ಯೆ) ಕೊಟ್ಟು ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಅಪ್‌ಲೋಡ್ ಮಾಡಿ. ಒಂದೇ ಕೀಲಿಗೆ ಒಂದೇ ಐವಿ ಎರಡು ಸಲ ಬಿದ್ದರೆ ಜಿಸಿಎಂನ ರಕ್ಷಣೆ ಕುಸಿದಂತೆಯೇ: ಎರಡು ಫೈಲ್‌ಗಳ ಒಳಗಿನದು ಒಂದಕ್ಕೊಂದು ಹೋಲಿಸಿ ಬಿಡಿಸುವಂತಾಗುತ್ತದೆ, ನಕಲಿ ಫೈಲನ್ನೂ ಅಸಲಿಯೆಂದು ದಾಟಿಸಬಹುದು.

ಇನ್ನು ಕೀಲಿ. 32 ಬೈಟ್‌ನ ಕೀಲಿಯನ್ನು ಬೇಸ್64 ಯುಆರ್‌ಎಲ್ ರೂಪಕ್ಕೆ, ಅಂದರೆ ಲಿಂಕಿನಲ್ಲಿ ಇಡಬಹುದಾದ ಅಕ್ಷರಗಳಿಗೆ ತಂದರೆ 43 ಅಕ್ಷರ. ಅದನ್ನು ಲಿಂಕಿನ ಕೊನೆಗೆ, # ಚಿಹ್ನೆಯ ಆಚೆ ಇಡಿ. # ನಂತರದ್ದನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. 2019ರಲ್ಲಿ ಮೊಜಿಲ್ಲಾ ತಂದ ಫೈಲ್ ಹಂಚುವ ಸೇವೆ ಫೈರ್‌ಫಾಕ್ಸ್ ಸೆಂಡ್ ಹೀಗೇ ನಡೆಯುತ್ತಿತ್ತು. ಒಳಗೇನಿದೆ ಎಂದು ಸರ್ವರ್‌ಗೆ ಕಾಣದ್ದನ್ನೇ ಅನುಕೂಲ ಮಾಡಿಕೊಂಡು ಕಿಡಿಗೇಡಿಗಳು ಅದರಲ್ಲಿ ಮಾಲ್‌ವೇರ್ ಹಂಚತೊಡಗಿದರು; 2020ರಲ್ಲಿ ಆ ಸೇವೆಯೇ ನಿಂತಿತು. ಆದ್ದರಿಂದ ಲಾಗಿನ್, ಫೈಲ್ ಗಾತ್ರದ ಮಿತಿ, ಲಿಂಕಿಗೆ ವಾಯಿದೆ, ಈ ಮೂರನ್ನೂ ಮೊದಲ ದಿನವೇ ಹಾಕಿ.

ಕೀಲಿ ಸೋರುವುದು ಬೇರೆ ಕಡೆಯಿಂದ. ಪುಟದಲ್ಲಿ ಅನಾಲಿಟಿಕ್ಸ್‌ನದೋ ಚಾಟ್ ಬಟನ್‌ನದೋ ಹೊರಗಿನ ಸ್ಕ್ರಿಪ್ಟ್ ಇದ್ದರೆ ಅದು ಪೂರ್ತಿ ಅಡ್ರೆಸ್ ಓದಬಲ್ಲದು, # ಆಚೆಯದನ್ನೂ ಸೇರಿಸಿ. ಡೌನ್‌ಲೋಡ್ ಪುಟದಲ್ಲಿ ಅಂಥದ್ದು ಒಂದೂ ಇರಬಾರದು. ಯಾವ ಸ್ಕ್ರಿಪ್ಟ್ ಓಡಬಹುದೆಂದು ಬ್ರೌಸರ್‌ಗೆ ಹೇಳುವ ಸಿಎಸ್‌ಪಿ ಹೆಡರನ್ನು ಬಿಗಿಯಾಗಿ ಹಾಕಿ. ಕೀಲಿ ಓದಿಕೊಂಡ ಮೇಲೆ ಅಡ್ರೆಸ್ ಬಾರ್‌ನಿಂದ ಅಳಿಸಿ. ಅಳಿಸಿದ ಮೇಲೆ ರಿಫ್ರೆಶ್ ಒತ್ತಿದರೆ ಫೈಲ್ ತೆರೆಯುವುದಿಲ್ಲ, ಆ ದೂರು ಖಂಡಿತ ಬರುತ್ತದೆ. 'ಲಿಂಕ್ ಮತ್ತೆ ಒತ್ತಿ' ಎಂದು ಪುಟದಲ್ಲೇ ಬರೆದುಬಿಡಿ.

ಫೈಲಿನ ಹೆಸರನ್ನು ಮರೆಯುವವರೇ ಹೆಚ್ಚು. 'ದೀಪಾವಳಿ ಆರ್ಡರ್ 3000 ಪೀಸ್' ಎಂಬ ಹೆಸರು ಹಾಗೇ ಡೇಟಾಬೇಸ್‌ನಲ್ಲಿ ಕೂತರೆ ಒಳಗಿನ ಬೀಗಕ್ಕೆ ಏನು ಬೆಲೆ? ಹೆಸರನ್ನೂ ಬೇರೆ ಐವಿ ಕೊಟ್ಟು ಎನ್‌ಕ್ರಿಪ್ಟ್ ಮಾಡಿ. ಗಾತ್ರ ಮತ್ತು ಹೊತ್ತು ಮಾತ್ರ ಸರ್ವರ್‌ಗೆ ಗೊತ್ತಾಗಿಯೇ ಆಗುತ್ತದೆ.

ಲಿಂಕ್ ವಾಟ್ಸ್‌ಆ್ಯಪ್ ಗ್ರೂಪಿಗೆ ಫಾರ್ವರ್ಡ್ ಆದರೆ ಕೀಲಿಯೂ ಗ್ರೂಪಿಗೆ ಹೋದಂತೆ. ಭಾರಿ ಗುಟ್ಟಿನ ಡಿಸೈನ್ ಇದ್ದರೆ ಮೇಲೊಂದು ಪಾಸ್‌ವರ್ಡ್ ಇರಲಿ. ಅದರಿಂದ ಕೀಲಿ ಹುಟ್ಟಿಸುವ ವಿಧಾನ: ಪಿಬಿಕೆಡಿಎಫ್2, ಎಸ್‌ಎಚ್‌ಎ-256, 6,00,000 ಸುತ್ತು, 16 ಬೈಟ್ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ರ್ಯಾಂಡಮ್ ಬೈಟ್). ಆ ಪಾಸ್‌ವರ್ಡನ್ನು ಫೋನ್ ಮಾಡಿ ಹೇಳಲಿ. ಅದೇ ಚಾಟ್‌ನಲ್ಲಿ ಟೈಪ್ ಮಾಡಿದರೆ ಬೀಗಕ್ಕೇ ಕೀಲಿ ನೇತುಹಾಕಿದಂತೆ.

ಮಾಲೀಕರಿಗೆ ಒಂದು ಮಾತು ಬಿಚ್ಚಿ ಹೇಳಿ. ಬೀಗ ಹಾಕುವ ಜಾವಾಸ್ಕ್ರಿಪ್ಟ್ ಬರುವುದು ನಿಮ್ಮ ಸರ್ವರ್‌ನಿಂದಲೇ. ನಾಳೆ ನೀವೋ, ಸರ್ವರ್‌ಗೆ ನುಗ್ಗಿದವರೋ ಅದರಲ್ಲಿ ಒಂದು ಸಾಲು ಸೇರಿಸಿದರೆ ಕೀಲಿ ಹೊರಬರುತ್ತದೆ. 'ಈಗಾಗಲೇ ಇಟ್ಟಿರುವ ಫೈಲ್ ನನಗೆ ಓದಲು ಬರುವುದಿಲ್ಲ' ಎನ್ನುವುದು ನಿಜ. 'ಯಾವ ಕಾಲಕ್ಕೂ ಆಗದು' ಎಂದು ಬರೆದುಕೊಡಬೇಡಿ.

ಪ್ರಶ್ನೆ: ಸ್ಕ್ಯಾನಿಂಗ್ ಸೆಂಟರ್ ಒಂದಕ್ಕೆ ಬ್ರೌಸರ್‌ನಲ್ಲೇ ಫೈಲಿಗೆ ಬೀಗ ಬೀಳುವ ಆ್ಯಪ್ ಮಾಡಿಕೊಟ್ಟೆ. 700 ಎಂಬಿ ಫೈಲ್ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆ, ಡಾಕ್ಟರ ಫೋನಿನಲ್ಲಿ ಟ್ಯಾಬೇ ಮುಚ್ಚಿಹೋಗುತ್ತದೆ.
— ರಾಯಚೂರಿನಿಂದ

ಉತ್ತರ: ವೆಬ್ ಕ್ರಿಪ್ಟೊಗೆ ಚೂರುಚೂರಾಗಿ ನುಂಗಲು ಬರುವುದಿಲ್ಲ. ಬೀಗ ಬಿದ್ದ 700, ಬಿಚ್ಚಿದ 700, ಎರಡೂ ಒಟ್ಟಿಗೆ ಮೆಮೊರಿಯಲ್ಲಿ ಕೂರುತ್ತವೆ. ಫೋನ್ ಕೈಚೆಲ್ಲುತ್ತದೆ. ಬೇಸ್64 ಮಾಡಿ ಕಳಿಸುತ್ತಿದ್ದರೆ ಅದರ ಮೇಲೆ ಮೂರನೇ ಒಂದು ಪಾಲು ಹೆಚ್ಚು. ಮೊದಲು ಅದನ್ನು ಬಿಡಿ, ಬೈಟ್‌ಗಳನ್ನೇ ಕಳಿಸಿ.

ಫೈಲನ್ನು 4 ಎಂಬಿ ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿ. 175 ತುಂಡಾಗುತ್ತವೆ, ತುಂಡಿಗೆ 16 ಬೈಟ್ ಟ್ಯಾಗ್‌ನಂತೆ (ತುಂಡು ಅಸಲಿಯೇ ಎಂದು ತಾಳೆ ನೋಡುವ ಗುರುತು) ಹೆಚ್ಚುವುದು ಬರೀ 2,800 ಬೈಟ್. ಐವಿಯನ್ನು ಹೀಗೆ ಕಟ್ಟಿ: ಫೈಲಿಗೊಂದರಂತೆ 7 ರ್ಯಾಂಡಮ್ ಬೈಟ್, ತುಂಡಿನ ನಂಬರ್‌ಗೆ 4, 'ಇದೇ ಕೊನೆಯದು' ಎನ್ನಲು 1. ಆ ಕೊನೆಯ ಬೈಟ್ ಸಣ್ಣ ವಿಷಯ ಅನ್ನಿಸಬಹುದು. ಅದಿಲ್ಲದಿದ್ದರೆ ಕೊನೆಯ 20 ತುಂಡು ಬರದೇ ಹೋದರೂ ಉಳಿದದ್ದೆಲ್ಲ ಸರಿಯಾಗಿ ಬಿಚ್ಚಿಕೊಳ್ಳುತ್ತದೆ, ಸ್ಕ್ಯಾನ್ ಅರ್ಧಕ್ಕೆ ನಿಂತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಬಿಚ್ಚಿದ ತುಂಡುಗಳನ್ನು ಮೆಮೊರಿಯಲ್ಲಿ ಗುಡ್ಡೆ ಹಾಕದೆ ಸರ್ವಿಸ್ ವರ್ಕರ್ (ಬ್ರೌಸರ್ ಹಿನ್ನೆಲೆಯಲ್ಲಿ ಓಡಿಸುವ ಸ್ಕ್ರಿಪ್ಟ್) ಮೂಲಕ ಡೌನ್‌ಲೋಡಿಗೆ ಹರಿಸಿ. ಕೊನೆಯ ತುಂಡು ತಾಳೆಯಾಗುವವರೆಗೆ 'ಪೂರ್ತಿಯಾಯಿತು' ಎಂದು ತೋರಿಸಬೇಡಿ.

ನೆಟ್‌ವರ್ಕ್ ಕೈಕೊಟ್ಟು ಮಧ್ಯದ ತುಂಡು ನಿಂತರೆ, ಮೊದಲು ಎನ್‌ಕ್ರಿಪ್ಟ್ ಮಾಡಿದ ಬೈಟ್‌ಗಳನ್ನೇ ಮತ್ತೆ ಕಳಿಸಿ. ಅಷ್ಟರಲ್ಲಿ ಫೈಲ್ ಬದಲಾಗಿದ್ದರೆ ಹಳೇ ಕೀಲಿಯನ್ನು ಬಿಟ್ಟುಬಿಟ್ಟು ಹೊಸದರಿಂದ ಶುರುಮಾಡಿ. ಫೈಲ್ ಕುಗ್ಗಿಸುವುದಿದ್ದರೆ ಬೀಗ ಹಾಕುವ ಮುಂಚೆಯೇ; ಆಮೇಲೆ ಜಿಪ್ ಮಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ರೈಸ್ ಮಿಲ್ ಒಂದಕ್ಕೆ ಮಾಡಿದ ಎನ್‌ಕ್ರಿಪ್ಟ್ ಪುಟ ಅವರ ಆಫೀಸಿನ ಕಂಪ್ಯೂಟರ್‌ನಲ್ಲಿ ಸರಿ. ಅದೇ ಪುಟವನ್ನು ಫೋನಿನಲ್ಲಿ 192.168 ಅಡ್ರೆಸ್‌ನಿಂದ ತೆರೆದರೆ 'ಸಟಲ್ ಅನ್‌ಡಿಫೈನ್ಡ್' ಎನ್ನುತ್ತದೆ.
— ಗಂಗಾವತಿ

ಉತ್ತರ: ಕೋಡ್ ತಪ್ಪಲ್ಲ. ವೆಬ್ ಕ್ರಿಪ್ಟೊದಲ್ಲಿ ಎನ್‌ಕ್ರಿಪ್ಟ್ ಮಾಡುವ ಭಾಗವೇ 'ಸಟಲ್'; ಅದು ಸಿಗುವುದು ಎಚ್‌ಟಿಟಿಪಿಎಸ್‌ನಲ್ಲಿ ಅಥವಾ ಲೋಕಲ್‌ಹೋಸ್ಟ್‌ನಲ್ಲಿ (ಪುಟ ಇರುವ ಅದೇ ಕಂಪ್ಯೂಟರ್‌ನಲ್ಲಿ) ಮಾತ್ರ. ಆಫೀಸಿನ ಒಳಗಿನ ನೆಟ್‌ವರ್ಕ್ ಆದರೂ ಸರ್ಟಿಫಿಕೇಟ್ ಹಾಕಲೇಬೇಕು.

ಪ್ರಶ್ನೆ: ನಮ್ಮ ತೆರಿಗೆ ಸಲಹಾ ಕಚೇರಿಯ ಕಕ್ಷಿದಾರರು ಪಾಸ್‌ವರ್ಡ್ ಮರೆಯುತ್ತಲೇ ಇರುತ್ತಾರೆ. 'ಫರ್ಗಾಟ್ ಪಾಸ್‌ವರ್ಡ್' ಬಟನ್ ಇಡಬಹುದೇ?
— ಕೊಪ್ಪಳ

ಉತ್ತರ: ಲಾಗಿನ್‌ಗೆ ಇಡಬಹುದು, ಫೈಲಿಗೆ ಆಗದು. ನಿಮ್ಮ ಸರ್ವರ್ ಫೈಲ್ ಬಿಚ್ಚಿಕೊಡಬಲ್ಲದಾದರೆ ಕೀಲಿ ಅದರ ಹತ್ತಿರವೇ ಇದೆ ಎಂದಾಯಿತು. ಫೈಲಿನ ಕೀಲಿಯನ್ನು ಎರಡು ಸಲ ಸುತ್ತಿಡಿ, ಅಂದರೆ ಬೇರೆ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿಡಿ: ಒಮ್ಮೆ ಪಾಸ್‌ವರ್ಡ್‌ನಿಂದ ಬಂದ ಕೀಲಿಯಲ್ಲಿ, ಇನ್ನೊಮ್ಮೆ ರಿಕವರಿ ಕೀಲಿಯಲ್ಲಿ. ಪಾಸ್‌ವರ್ಡ್ ಬದಲಾದಾಗ ಮತ್ತೆ ಸುತ್ತಬೇಕಾದ್ದು 32 ಬೈಟ್ ಮಾತ್ರ, ಫೈಲನ್ನು ಮುಟ್ಟಬೇಕಿಲ್ಲ. ರಿಕವರಿ ಕೀಲಿಯನ್ನು ಖಾತೆ ತೆರೆದ ದಿನವೇ ಪ್ರಿಂಟ್ ತೆಗೆದು ಕಕ್ಷಿದಾರರ ಕೈಗೇ ಕೊಡಿ. ಪಹಣಿ ಇಡುವ ಟ್ರಂಕಿನಲ್ಲಿ ಅದೂ ಇರಲಿ. ಒಂದು ಪ್ರತಿ ನಿಮ್ಮ ಕಚೇರಿಯಲ್ಲಿ ಉಳಿಸಿಕೊಳ್ಳಬೇಡಿ.