ಹಾಳುಬಿದ್ದ ಹಿತ್ತಲಿಗೆ ಕಪ್ಪು ಪ್ಲಾಸ್ಟಿಕ್ ಸಾಕೇ?

ಶಿರಸಿಯ ಹತ್ತಿರ ವರ್ಷಗಟ್ಟಲೆ ಪಾಳುಬಿದ್ದ ಹತ್ತು ಗುಂಟೆ ಹಿತ್ತಲಿನ ಕಳೆ ಸಾಯಿಸಲು ಕಪ್ಪು ಪ್ಲಾಸ್ಟಿಕ್ ಹಾಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಪೊದೆಯಾಗಿ ಹಬ್ಬುವ ಕಳೆ ಕಮ್ಯುನಿಸ್ಟ್ ಗಿಡದ ಕೂಳೆ ನಿಂತಲ್ಲಿ ಯಾವ ಪ್ಲಾಸ್ಟಿಕ್ಕೂ ಹರಿಯುತ್ತದೆ. ಮಳೆಗೆ ನೆಲ ಮೆತ್ತಗಾದಾಗ ಬುಡಸಮೇತ ಕೀಳಿಸಿ. ಚಳಿಗಾಲದಲ್ಲಿ ಹೂಬಿಟ್ಟು ಬೀಜ ಗಾಳಿಗೆ ಹಾರುವ ಮುನ್ನ ಈ ಕೆಲಸ ಮುಗಿಯಬೇಕು. ಬೆಂಕಿ ಹಾಕಿ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ, ಸುಟ್ಟ ಬುಡದಿಂದಲೇ ಅದು ಮತ್ತೆ ಸೊಕ್ಕಿ ಚಿಗುರುತ್ತದೆ.

ಸುತ್ತ ಅಡಿಕೆ ತೋಟಗಳಿರುವಾಗ ಹೊದಿಕೆಗೆ ಪ್ಲಾಸ್ಟಿಕ್ ಏಕೆ? ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಟೇಪು ಕಿತ್ತು, ಅಂಚಿನ ಮೇಲೆ ಅಂಚು ಬರುವಂತೆ ಹಾಸಿ ಚೆನ್ನಾಗಿ ನೆನೆಸಿ. ಮೇಲೆ ಅಡಿಕೆಯ ಸೋಗೆ (ಗರಿ), ದರಕು (ಒಣ ಎಲೆ) ಅರ್ಧ ಅಡಿ ಹೇರಿ. ಬೆಳಕಿಲ್ಲದೆ ಕೆಳಗಿನ ಹುಲ್ಲು ಬಿಳಿಚಿ ಸಾಯುತ್ತದೆ. ಬೇಸಿಗೆಯಲ್ಲಿ ಒಣಗಲು ಬಿಟ್ಟಿರೋ, ಗೆದ್ದಲು ಊಟಕ್ಕೆ ಕೂರುತ್ತದೆ.

ನೆಲದಡಿ ಗಡ್ಡೆ ಬಿಡುವ, ಹುಲ್ಲಿನಂಥ ಕಳೆ ಜೇಕಿನ ಕಥೆ ಬೇರೆ. ಅದರ ಸೂಜಿಮೊನೆ ಪ್ಲಾಸ್ಟಿಕ್ಕನ್ನೂ ತೂತು ಮಾಡಿ ಮೇಲೇಳುತ್ತದೆ. ಬೇಸಿಗೆಯಲ್ಲಿ ಅಗೆದು ಗಡ್ಡೆಗಳನ್ನು ಬಿಸಿಲಿಗೆ ಹಾಕಿಸಿ, ಉಳಿದದ್ದನ್ನು ಚಿಗುರಿದಾಗಲೆಲ್ಲ ಕೀಳುತ್ತಿರಿ.

ಮೊದಲ ವರ್ಷವೇ ಹತ್ತೂ ಗುಂಟೆ ಮುಚ್ಚಲು ಹೊರಡಬೇಡಿ. ಎರಡು ಗುಂಟೆ ಸಾಕು; ಉಳಿದದ್ದನ್ನು ಸವರಿ, ಮಳೆಯ ಜೋರು ಇಳಿದ ಮೇಲೆ, ಕಳೆ ಮತ್ತೆ ಮೇಲೇಳದಂತೆ ಒತ್ತಾಗಿ ಅಲಸಂದೆ ಬಿತ್ತಿ.